ಪಾದರ್ ಎಂಬ ರಗಳೆ

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಬಾಯಲ್ಲಿ ಒಂದೇ ಒಂದು ಮಾತು ಉಳಿಯಿತು. ಅದೂ ಮನೆಮಾತಲ್ಲ, ಇಂಗ್ಲಿಷಿನದು. ಇಂಗ್ಲಿಷ್ ಆಡುವವರೇ ಬಳಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಮಾತು. ಪಾದರ್.

ಆಸ್ಪತ್ರೆಯಲ್ಲಿ ಅದು ಮೊದಲ ಸಲ ಹೊರಬಿದ್ದಾಗ ಪಕ್ಕದಲ್ಲಿದ್ದ ನರ್ಸಿಗೆ 'ಫಾದರ್' ಎಂದು ಕೇಳಿಸಿತು. "ಪಾಪ, ಅವರ ತಂದೆಯನ್ನ ನೆನೆಸಿಕೊಳ್ತಿದಾರೆ" ಎಂದು ಮಗಳ ಭುಜ ಸವರಿದಳು. ಸಂಜೆಯ ಪಾಳಿಗೆ ಬಂದವಳು ಪಾದ್ರಿಯನ್ನು ಕರೆಸಬೇಕೇನೋ ಅಂದುಕೊಂಡು ಮಗಳನ್ನು ಮೂಲೆಗೆ ಕರೆದು ಮೆಲ್ಲಗೆ ವಿಚಾರಿಸಿದಳು. ಮಗಳಿಗೆ ನಗುವಷ್ಟೂ ತ್ರಾಣವಿರಲಿಲ್ಲ. "ಅಲ್ಲ ಸಿಸ್ಟರ್, ಅದು ಅವರ ಅಭ್ಯಾಸದ ಮಾತು. ಗಲಾಟೆ, ರಗಳೆ ಅಂತ ಏನೋ ಅರ್ಥ" ಎಂದಳು. ಮಂಚದ ಕಾಲಬದಿಯಲ್ಲಿ ಕೂತಿದ್ದ ಅಮ್ಮ ಅಪ್ಪನ ಹೊದಿಕೆಯ ಸುಕ್ಕು ತೆಗೆಯುತ್ತಿದ್ದಳು.

ಅಪ್ಪ ಬದುಕಿಡೀ ಒಂದು ಇಂಗ್ಲಿಷ್ ಪತ್ರಿಕೆಯ ಮುದ್ರಣಾಲಯದಲ್ಲಿ ಪ್ರೂಫ್ ನೋಡಿದವರು. ಅವರು ಕೆಲಸಕ್ಕೆ ಸೇರಿದಾಗ ಅಲ್ಲಿ ಒಬ್ಬ ಹಿರಿಯ ಪ್ರೂಫ್ ರೀಡರ್ ಇದ್ದರಂತೆ. ಅಚ್ಚಿನ ಮೊಳೆ ಜೋಡಿಸುವವರು ಜಗಳಕ್ಕೆ ಬಿದ್ದಾಗಲೆಲ್ಲ ಆ ಮುದುಕರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, 'ಏನಿದೆಲ್ಲ ಪಾದರ್?' ಅನ್ನುತ್ತಿದ್ದರಂತೆ. ಅಷ್ಟಕ್ಕೇ ಎಲ್ಲರೂ ತಣ್ಣಗಾಗುತ್ತಿದ್ದರಂತೆ. ಹೊಸಬರಾಗಿದ್ದ ಅಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಆಫೀಸಿನಿಂದ ಮನೆಗೆ ತಂದರು.

ಆಫೀಸಿನಲ್ಲಿ ಅದು ಅವರಿಗೆ ಎಷ್ಟು ಒದಗಿತೋ ಗೊತ್ತಿಲ್ಲ, ಮನೆಯಲ್ಲಿ ಮಾತ್ರ ಚೆನ್ನಾಗಿ ನಡೆಯಿತು. ನಲ್ಲಿ ಸೋರುತ್ತಿದೆ ಎಂದು ಅಮ್ಮ ಎರಡನೇ ಸಲ ಹೇಳಿದರೆ, ಪಾದರ್. ಮಗಳು ಮೊಣಕಾಲು ತರಚಿಕೊಂಡು ಬಂದು ಅತ್ತರೆ, ಪಾದರ್. ಅಮ್ಮನ ತಮ್ಮ ತೀರಿಕೊಂಡ ವರ್ಷ ಅವಳು ಊಟದ ತಟ್ಟೆಯ ಮುಂದೆ ಕೂತು ಕಣ್ಣೀರು ಹಾಕಿದಾಗಲೂ, ಸಿಟ್ಟಿನಿಂದಲ್ಲ, ಬೇರೆ ಏನು ಹೇಳಬೇಕೋ ತೋಚದೆ, "ಯಾಕೆ ಇಷ್ಟೊಂದು ಪಾದರ್?" ಅಂದಿದ್ದರು. ಕೆಟ್ಟ ಮನುಷ್ಯರೇನಲ್ಲ. ಕುಡಿತವಿರಲಿಲ್ಲ, ಯಾರ ಮೇಲೂ ಕೈಯೆತ್ತಿದವರಲ್ಲ. ಮಾತಿನ ಶೋಕಿ ಇತ್ತು, ಅಷ್ಟೆ. ರಾದ್ಧಾಂತ ಅನ್ನುವ ಮಾತಿಗೆ ಸಂಸ್ಕೃತದಲ್ಲಿ ಖಚಿತವಾದ ತೀರ್ಮಾನ ಅಂತ ಅರ್ಥವಿತ್ತು ಎಂದು ಒಮ್ಮೆ ಊಟದ ಹೊತ್ತಿನಲ್ಲಿ ವಿವರಿಸಿ, "ಈಗ ಅದರ ಅರ್ಥ ನಿಮ್ಮಮ್ಮ ಮಾಡೋದು" ಎಂದು ಮಗಳ ಕಡೆ ಕಣ್ಣು ಮಿಟುಕಿಸಿದ್ದರು. ಮಗಳು ನಕ್ಕಿದ್ದಳು. ಅಮ್ಮನೂ ಸ್ವಲ್ಪ ನಕ್ಕಿದ್ದಳು.

ಮನೆಗೆ ಕರೆತಂದ ಮೇಲೆ ಮಾತು ಕಲಿಸುವ ಮೇಡಂ ಒಬ್ಬರು ಬಂದು ಅಪ್ಪನನ್ನು ಪರೀಕ್ಷಿಸಿದರು. ಬಾಗಿಲು ತೋರಿಸಿ ಅಂದರೆ ಅಪ್ಪ ಎಡಗೈಯಿಂದ ಬಾಗಿಲು ತೋರಿಸಿದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಇದು ಏನು ಎಂದು ಬಾಚಣಿಗೆ ಹಿಡಿದರೆ, ಹಣೆ ಗಂಟಿಕ್ಕಿ, ತುಟಿ ಜೋಡಿಸಿ, ಬಹಳ ಹೊತ್ತು ತಡಕಾಡಿ, ಕೊನೆಗೆ "ಪಾದರ್" ಅಂದರು. ಅಂದಕೂಡಲೇ ತಪ್ಪೆಂದು ಅವರಿಗೇ ತಿಳಿದು ತಲೆ ಅಲ್ಲಾಡಿಸಿದರು. ಇನ್ನೊಮ್ಮೆ ಪ್ರಯತ್ನಿಸಿದರು. ಅದೇ ಬಂತು.

"ಇವರಿಗೆ ಎಲ್ಲಾ ಅರ್ಥವಾಗುತ್ತೆ" ಎಂದು ಮೇಡಂ ಮೆಟ್ಟಿಲ ಬಳಿ ಮಗಳಿಗೆ ಹೇಳಿದರು. "ಹೋಗಿರೋದು ಹೊರಗೆ ಬರೋ ಮಾತು ಮಾತ್ರ. ಕೆಲವರಿಗೆ ಹೀಗೆ ಒಂದು ಪದ ಅಂಟಿಕೊಂಡುಬಿಡುತ್ತೆ. ಏನು ಹೇಳಹೊರಟರೂ ಅದೇ ಬರುತ್ತೆ. ಅವರ ಮುಂದೆ ಅವರಿಲ್ಲ ಅನ್ನೋ ಹಾಗೆ ಮಾತಾಡಬೇಡಿ."

ಈ ಮೂವರ ಮನೆ ಒಂದು ಲಾಂಡ್ರಿಯ ಮೇಲಿತ್ತು. ಬೆಳಗಿನಿಂದ ಸಂಜೆವರೆಗೆ ಕೆಳಗಿನಿಂದ ಬಿಸಿ ಹಬೆ, ಸಾಬೂನಿನ ವಾಸನೆ, ಯಂತ್ರಗಳ ಗುರುಗುರು. ಮುಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಅಪ್ಪನ ಕೋಣೆ. ಗಾಲಿಕುರ್ಚಿ ನುಗ್ಗುವುದಿಲ್ಲವೆಂದು ಕೋಣೆಯ ಬಾಗಿಲನ್ನು ತೆಗೆಸಿ ಪರದೆ ಕಟ್ಟಿದ್ದರು. ಮಗಳು ನಡುಮನೆಯ ಸೋಫಾದಲ್ಲಿ ಮಲಗುತ್ತಿದ್ದಳು. ಅವಳದು ಮದುವೆಯಾಗಿ, ಮುರಿದು, ಎಷ್ಟೋ ವರ್ಷದ ಹಿಂದೆ ಹಿಂತಿರುಗಿ ಬಂದ ಬದುಕು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ದಿನವಿಡೀ ಕತ್ತಲೆ ಕೋಣೆಯಲ್ಲಿ ನಿಂತು ಮಸೂರ ಬದಲಾಯಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಅದಾ? ಈಗ? ಈಗ?" ಎಂದು ಕೇಳಿ ಕೇಳಿ, ಸಂಜೆಗೆ ಅವಳಿಗೆ ಯಾರನ್ನೂ ಏನನ್ನೂ ಕೇಳುವುದು ಬೇಡವಾಗಿರುತ್ತಿತ್ತು.

ಆದರೆ ನಿಜವಾಗಿ ಸವೆದುಹೋಗುತ್ತಿದ್ದದ್ದು ಅಮ್ಮ. ಅಪ್ಪನ ಆ ಒಂದು ಮಾತಿನೊಳಗೆ ಏನೇನಿದೆ ಎಂಬುದು ಅವಳೊಬ್ಬಳಿಗೇ ಗೊತ್ತಾಗುತ್ತಿತ್ತು. ಮದುವೆಗೆ ಮುಂಚೆ, ಮದುವೆಯಾದ ಮೇಲೂ ಕೆಲವು ಕಾಲ, ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕರಕರ ಅನ್ನುವ ಲೈನಿನಲ್ಲಿ ಯಾರೋ ದೂರದಲ್ಲಿ ಪಿಸುಗುಟ್ಟಿದ ನಂಬರನ್ನೂ ಒಂದೇ ಸಲಕ್ಕೆ ಹಿಡಿಯುತ್ತಿದ್ದಳಂತೆ. ಆ ಕಿವಿ ಇನ್ನೂ ಹಾಗೇ ಇತ್ತು. ಪರದೆಯ ಆಚೆಯಿಂದ "ಪಾದರ್" ಎಂದು ಕೇಳಿದರೆ ಮಗಳು ನೀರಿನ ಲೋಟ ಹಿಡಿದು ಓಡುತ್ತಿದ್ದಳು. ಅಮ್ಮ ಒಲೆಯ ಮುಂದಿನಿಂದಲೇ, "ನೀರಲ್ಲ. ಕಿಟಕಿ ಹಾಕಬೇಕಂತೆ, ಹಬೆ ಬರ್ತಿದೆ" ಅನ್ನುತ್ತಿದ್ದಳು. ಹೋಗಿ ನೋಡಿದರೆ ಅಪ್ಪ ಕಿಟಕಿಯ ಕಡೆ ತಿರುಗಿರುತ್ತಿದ್ದರು. ಮಾತಿನ ಕೊನೆ ಎಳೆದರೆ ಸೊಂಟ ನೋಯುತ್ತಿದೆ ಅಂತ. ನುಂಗಿದ ಹಾಗೆ ಅಂದರೆ ಬಚ್ಚಲಿಗೆ. ಮಗಳಿಗೆ ಎಲ್ಲವೂ ಒಂದೇ ಥರ ಕೇಳುತ್ತಿತ್ತು.

ಹೀಗಾಗಿ ಅಮ್ಮ ಮನೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಒಬ್ಬ ಆಯಾಳನ್ನು ಇಟ್ಟು ನೋಡಿದರು. ಅವಳು ಒಳ್ಳೆಯವಳೇ, ಆದರೆ ಅಪ್ಪ ಕೂಗಿದಾಗಲೆಲ್ಲ ಅಡುಗೆಮನೆಗೆ ಬಂದು, "ಅಮ್ಮಾ, ಏನೋ ಅಂತಿದಾರೆ ನೋಡಿ" ಅನ್ನುತ್ತಿದ್ದಳು. ಅಮ್ಮನಿಗೆ ಒಂದರ ಬದಲು ಎರಡು ಕೂಗಿಗೆ ಓಗೊಡುವುದಾಯಿತು. ಆಯಾ ಹೋದಳು. ಅಮ್ಮನ ಕಣ್ಣಿನ ಕೆಳಗೆ ಕಪ್ಪಾಯಿತು. ಅನ್ನ ಬೇಯಲು ಇಟ್ಟು ನಿಂತಲ್ಲೇ ತೂಕಡಿಸುವಳು. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ, "ಇದೀನಿ" ಅನ್ನುವಳು, ಅಷ್ಟೆ.

ಒಂದು ಭಾನುವಾರ ಮಧ್ಯಾಹ್ನ, ಲಾಂಡ್ರಿಗೆ ರಜೆ, ಮನೆ ತಣ್ಣಗಿತ್ತು. ಅಮ್ಮ ನಡುಮನೆಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಒಳಗಿನಿಂದ ಅಪ್ಪ ಕೂಗಿದರು. ಅಮ್ಮ ಏಳಲಿಲ್ಲ. ಮತ್ತೆ ಕೂಗಿದರು. ಅಮ್ಮ ದಿಂಬಿನ ಚೀಲವೊಂದನ್ನು ತೊಡೆಯ ಮೇಲೆ ಹರಡಿ, ಅಂಚಿಗೆ ಅಂಚು ಸೇರಿಸಿದಳು.

"ಅಮ್ಮ, ಅಪ್ಪ ಕರೀತಿದಾರೆ" ಎಂದಳು ಮಗಳು.

"ಕೇಳಿಸ್ತಿದೆ."

"ಏನು ಬೇಕಂತೆ?"

"ದಿಂಬು ಎತ್ತರವಾಗಿದೆಯಂತೆ. ಹೋಗು, ನೀನೇ ಸರಿ ಮಾಡು."

ಮಗಳು ಹೋಗಿ ದಿಂಬು ತಗ್ಗಿಸಿದಳು. ಅಪ್ಪ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅವಳು ಹಿಂದಿರುಗಿದಾಗ ಅಮ್ಮನ ಕೈ ನಿಂತಿತ್ತು.

"ಆ ಮಾತಿಗೆ ಸರಿಯಾಗಿ ಏನರ್ಥ, ನೋಡಿ ಹೇಳು" ಎಂದಳು ಅಮ್ಮ.

"ಯಾವ ಮಾತು?"

"ಇನ್ಯಾವುದು? ಈ ಮನೇಲಿ ಬೇರೆ ಮಾತೆಲ್ಲಿದೆ?"

"ಗೊತ್ತಲ್ಲಮ್ಮ ನಿನಗೆ. ರಗಳೆ ಅಂತ."

"ಅಂದಾಜಿನ ಅರ್ಥ ಬೇಡ. ಎಲ್ಲಿಂದ ಬಂತು, ಯಾರು ಮಾಡಿದ್ದು, ಎಲ್ಲಾ ನೋಡು. ಅಷ್ಟು ದಪ್ಪದ ನಿಘಂಟು ಇದೆಯಲ್ಲ, ವರ್ಷಾನುಗಟ್ಟಲೆ ಧೂಳು ಒರೆಸಿದೀನಿ ಅದಕ್ಕೆ."

ಮಗಳಿಗೆ ಏಳಲು ಮನಸ್ಸಿರಲಿಲ್ಲ. ವಾರಕ್ಕೊಂದು ಸಿಗುವ ರಜೆಯ ಮಧ್ಯಾಹ್ನ ಅದು. ಆದರೂ ಎದ್ದು ಕಪಾಟಿನಿಂದ ಅಪ್ಪನ ನಿಘಂಟನ್ನು ಇಳಿಸಿ ತಂದು, ನೆಲದ ಮೇಲಿಟ್ಟು, ಪುಟ ಹುಡುಕಿ ಓದಿ ಹೇಳಿದಳು. ನಾನೂರು ವರ್ಷಕ್ಕೂ ಹಿಂದಿನ ಮಾತು. ಗದ್ದಲ, ಗೊಂದಲ. ಸಣ್ಣದಕ್ಕೆ ಮಾಡುವ ದೊಡ್ಡ ರಗಳೆ. ಮನಸ್ಸಿನ ತಳಮಳ ಅಂತಲೂ ಉಂಟು. ಉಸಿರು ಕಟ್ಟಿಸುವಂಥ ಹೊಗೆ, ಇಲ್ಲವೇ ಎದ್ದ ಧೂಳು ಎಂಬ ಅರ್ಥವೂ ಇದೆ.

"ಎಲ್ಲಿಂದ ಬಂತಂತೆ?"

"ಮೂಲ ತಿಳಿಯದು ಅಂತ ಬರೆದಿದೆ. ಬಾದರ್ ಅಂತಾರಲ್ಲ, ತೊಂದರೆ ಕೊಡೋದು, ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇರಬಹುದು ಅಂತ ಕೆಲವರ ಊಹೆ. ಗ್ಯಾರಂಟಿ ಇಲ್ಲ."

"ಅಪ್ಪ ಅಮ್ಮ ಯಾರು ಅಂತಲೇ ಗೊತ್ತಿಲ್ಲದ ಮಾತು" ಎಂದಳು ಅಮ್ಮ. "ಅದನ್ನ ತಂದು ನನ್ನ ಮನೇಲಿ ಸಾಕಿದರು."

ಮಗಳು ನಕ್ಕಳು. ಅಮ್ಮ ನಗಲಿಲ್ಲ.

"ನಾನು ಎಕ್ಸ್‌ಚೇಂಜಿನ ಕೆಲಸ ಯಾಕೆ ಬಿಟ್ಟೆ ಗೊತ್ತಾ ನಿನಗೆ?"

"ನಾನು ಹುಟ್ಟಿದೆ ಅಂತ ಅಲ್ವಾ?"

"ನೀನು ಹುಟ್ಟಿದ್ದು ಆಮೇಲೆ." ಅಮ್ಮ ಮಡಚಿದ್ದ ದಿಂಬಿನ ಚೀಲವನ್ನು ಬಿಚ್ಚಿ ಮತ್ತೆ ಮಡಚತೊಡಗಿದಳು. "ಮದುವೆಯಾದ ಹೊಸದು. ನಮ್ಮ ಸೂಪರ್‌ವೈಸರ್ ನನಗೆ ಮೇಲಿಂದ ಮೇಲೆ ಸಂಜೆ ಪಾಳಿ ಹಾಕ್ತಿದ್ದ. ಒಂದು ದಿನ ತಡವಾಯ್ತು ಅಂತ ಅವನೇ ಗಾಡೀಲಿ ಮನೆವರೆಗೂ ಬಿಟ್ಟುಹೋದ. ಒಳ್ಳೆಯ ಮನುಷ್ಯ, ನಮ್ಮಣ್ಣನಷ್ಟು ವಯಸ್ಸು. ನಾನು ಒಳಗೆ ಬಂದು, ಪಾಳಿ ಬದಲಾಯಿಸೋದಿಲ್ಲ ಅಂತಾನೆ, ಹೀಗೆ ಕೇಳಿದೆ, ಹಾಗೆ ಅಂದ ಅಂತ ಎಲ್ಲಾ ಹೇಳ್ತಾ ಇದೀನಿ. ನಿಮ್ಮಪ್ಪ ಪ್ರೂಫ್ ಹರಡಿಕೊಂಡು ಕೂತಿದ್ದರು. ನಿಮ್ಮಜ್ಜಿ ಅಲ್ಲೇ ಇದ್ದರು. ನಿಮ್ಮಪ್ಪ ತಲೆ ಎತ್ತಲಿಲ್ಲ. 'ಇದೆಲ್ಲಾ ಬರೀ ಪಾದರ್' ಅಂದರು."

"ಸರಿ."

"ಏನು ಸರಿ? ಆ ಮಾತು ಅದುವರೆಗೆ ನಾನು ಕೇಳಿಯೇ ಇರಲಿಲ್ಲ. ನನಗೆ ಪಾದರ್ ಅಂತ ಕೇಳಿಸಲಿಲ್ಲ."

ಅಮ್ಮ ಪರದೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಅಂದಳು: "ಹಾದರ ಅಂತ ಕೇಳಿಸಿತು."

ಉಳಿದದ್ದನ್ನು ಅಮ್ಮ ಸುಸ್ತಾದ ದನಿಯಲ್ಲಿ, ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. ಅತ್ತೆಯ ಎದುರಿಗೆ ಗಂಡ ತನಗೆ ಆ ಮಾತು ಅಂದನೆಂದು ಅವಳು ನಂಬಿದಳು. ಕಿವಿಯ ಮೇಲೆ ಅವಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಇಡೀ ಎಕ್ಸ್‌ಚೇಂಜಿನಲ್ಲಿ ತನ್ನದೇ ಒಳ್ಳೆಯ ಕಿವಿ ಎಂಬ ಗರ್ವ ಬೇರೆ. ಮರುದಿನವೇ ಹೋಗಿ ರಾಜೀನಾಮೆ ಕೊಟ್ಟಳು. ಲೈನು ಜೋಡಿಸುವ ಹಲಗೆಯ ಮುಂದೆ ಕೂತಿದ್ದ ಗೆಳತಿಯರು ತಲೆಗೆ ಸಿಕ್ಕಿಸಿದ್ದ ಹೆಡ್‌ಫೋನನ್ನೂ ತೆಗೆಯದೆ ತಿರುಗಿ ನೋಡಿದರು. ಒಬ್ಬೊಬ್ಬರಿಗೂ ಒಂದೊಂದು ಸುಳ್ಳು ಹೇಳಿ ಹೊರಬಂದಳು.

"ಅಪ್ಪ ಕೇಳಲಿಲ್ವಾ, ಯಾಕೆ ಬಿಟ್ಟೆ ಅಂತ?"

"ಕೇಳಿದರು. ಸಾಕಾಯ್ತು ಅಂದೆ. ಹೌದಾ ಅಂದರು. ಅಷ್ಟೇ. ಇನ್ನೊಂದು ಸಲ ಕೇಳಿದ್ದರೆ ಬಾಯಿಬಿಟ್ಟು ಹೇಳ್ತಿದ್ದೆನೋ ಏನೋ."

"ಮತ್ತೆ ಯಾವಾಗ ಗೊತ್ತಾಯ್ತು?"

"ನೀನು ಮಗುವಾಗಿದ್ದಾಗ. ಹಲ್ಲು ಬರೋ ಹೊತ್ತು, ಒಂದೇ ಸಮ ಚೀರ್ತಿದ್ದೆ. ನಿಮ್ಮಪ್ಪ ನಿನ್ನನ್ನ ಎತ್ತಿಕೊಂಡು ಮುದ್ದು ಮಾಡ್ತಾ, 'ಏನಮ್ಮ ನಿಂದು ಪಾದರ್' ಅಂದರು. ಹಲ್ಲೇ ಬರದ ಕೂಸಿಗೆ ಯಾರಾದರೂ ಆ ಮಾತು ಅಂತಾರಾ? ಆಗ ತಿಳೀತು, ಇದು ಬೇರೇನೋ ಅಂತ. ಹಿಂದೆಯೇ ಓಡಿ ಹೋಗಿ ಎಕ್ಸ್‌ಚೇಂಜಿನಲ್ಲಿ ಕೇಳಿದೆ. ನನ್ನ ಜಾಗಕ್ಕೆ ಬೇರೆಯವಳು ಬಂದಿದ್ದಳು. ಆಮೇಲೆ ತಾನೇ ಲೈನು ಜೋಡಿಸೋ ಯಂತ್ರ ಬಂತು, ಅವಳೂ ಹೋದಳು, ಎಲ್ಲರೂ ಹೋದರು ಬಿಡು."

"ಅಪ್ಪನಿಗೆ ಹೇಳಲಿಲ್ವಾ?"

"ಏನಂತ ಹೇಳಲಿ? ನನ್ನ ಕಿವಿ ತಪ್ಪಿತು ಅಂತಲಾ? ನಕ್ಕುಬಿಡ್ತಿದ್ದರು. ಆಫೀಸಿನಲ್ಲೆಲ್ಲಾ ಹೇಳಿಕೊಂಡು ನಗ್ತಿದ್ದರು. ನನಗೆ ಅದು ನಗೋ ವಿಷಯವಾಗಿರಲಿಲ್ಲ." ಅಮ್ಮ ಹಣೆ ಉಜ್ಜಿಕೊಂಡಳು. "ಅರ್ಥ ಬೇರೆ ಅಂತ ಗೊತ್ತಾದ ಮೇಲೂ ನನಗೆ ಮೊದಲು ಕೇಳೋದು ಆ ಹಳೇದೇ. ಪ್ರತಿ ಸಲವೂ ಮೊದಲು ಅದು ಚುಚ್ಚುತ್ತೆ, ಆಮೇಲೆ ಇದು. ಈಗ ಬೆಳಗಿನಿಂದ ಸಂಜೆವರೆಗೂ ಅದೊಂದೇ. ನನಗೆ ಸಾಕಾಗಿದೆ ಕಣೇ."

ಮಗಳು ಫೋನಿನಲ್ಲಿ ಆ ಮಾತನ್ನು ಮತ್ತೆ ಹುಡುಕಿ, "ಹಿಂದಿನ ಕಾಲದಲ್ಲಿ ಇದನ್ನ ಬ್ರದರ್ ಅನ್ನೋದಕ್ಕೆ ಪ್ರಾಸ ಆಗೋ ಹಾಗೆ ಪದರ್ ಅಂತಿದ್ದರಂತೆ" ಎಂದಳು.

"ಹಾಗಾದರೂ ಅಂದಿದ್ದರೆ!" ಎಂದಳು ಅಮ್ಮ. ಆಗ ಅವಳಿಗೆ ನಗು ಬಂತು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂದು, ಆ ದಿಂಬಿನ ಚೀಲದಿಂದಲೇ ಮುಖ ಒರೆಸಿಕೊಂಡಳು.

ಪರದೆಯ ಆಚೆ ಅಪ್ಪ ನಿದ್ದೆ ಮಾಡಿರಲಿಲ್ಲ. ಮಗಳು ಚಹಾ ಒಯ್ದಾಗ ಅದು ತಿಳಿಯಿತು. ಅವರು ಚಾವಣಿ ನೋಡುತ್ತ ಮಲಗಿದ್ದರು. ದಿಂಬು ಒದ್ದೆಯಾಗಿತ್ತು. ಲೋಟ ಕಂಡ ಕೂಡಲೇ ಬಾಯಿ ತೆರೆದರು, "ಪಾ" ಎಂಬಷ್ಟು ಬಂತು. ತಕ್ಷಣ ಎಡಗೈ ಎತ್ತಿ ಬಾಯಿಗೆ ಬಲವಾಗಿ ಒತ್ತಿಕೊಂಡರು. ಉಗುರು ಕೆನ್ನೆಗೆ ನಾಟುವಷ್ಟು ಬಲವಾಗಿ.

ಆ ದಿನದಿಂದ ಅಪ್ಪ ಮಾತಾಡಲಿಲ್ಲ.

ಮೊದಮೊದಲು ಅಮ್ಮನಿಗೆ ಅದು ಬಿಡುಗಡೆಯ ಹಾಗೇ ಇತ್ತು. ಮನೆ ನಿಶ್ಶಬ್ದವಾಯಿತು. ಒಂದು ಲೋಟ ಚಹಾವನ್ನು ಬಿಸಿ ಆರುವ ಮುಂಚೆ ಕುಡಿದು ಮುಗಿಸಿದಳು. ಆದರೆ ಕೂಗು ನಿಂತ ಮೇಲೆ ಕೆಲಸ ಹೆಚ್ಚಾಯಿತು. ಅವರಿಗೆ ನೀರಡಿಕೆಯೋ, ನೋವೋ, ಹಾಸಿಗೆ ಒದ್ದೆಯಾಗಿದೆಯೋ ತಿಳಿಯುವಂತಿಲ್ಲ. ಅಮ್ಮ ಗಳಿಗೆಗೊಮ್ಮೆ ಎದ್ದು ಹೋಗಿ ಪರದೆ ಸರಿಸಿ ನೋಡಬೇಕು. ಮಗಳು ಚಿತ್ರಗಳ ಹಲಗೆಯೊಂದನ್ನು ತಂದಳು, ಲೋಟ, ಮಂಚ, ಕಿಟಕಿ, ಬಚ್ಚಲು. ಅಪ್ಪ ಅದನ್ನು ನೋಡಲೂ ಇಲ್ಲ. ಅವರಿಗೆ ಏನೂ ಬೇಕಾಗಿರಲಿಲ್ಲ. ಮಾತು ಕಲಿಸುವ ಮೇಡಂ ಬಂದರೆ ಗೋಡೆಯ ಕಡೆ ಮುಖ ತಿರುಗಿಸಿದರು. ಮಾತು ತಾನಾಗಿ ತುಟಿಗೆ ಬಂದಾಗ ಎಡಗೈ ಏರುತ್ತಿತ್ತು. ನಿದ್ದೆಯಲ್ಲೂ ಕೈ ಬಾಯಿಯ ಹತ್ತಿರವೇ ಇರುತ್ತಿತ್ತು.

"ಕೇಳಿಸಿಕೊಂಡಿದಾರೆ ಅಮ್ಮ" ಎಂದಳು ಮಗಳು.

"ಗೊತ್ತು. ನಾನೇನು ಮಾಡಲಿ? ಹೇಳಿದ್ದನ್ನ ವಾಪಸ್ ನುಂಗಲಾ?"

ಮಗಳಿಗೆ ಅಪ್ಪನ ಮೇಲೂ ಸಿಟ್ಟಿತ್ತು, ಅಮ್ಮನ ಮೇಲೂ ಇತ್ತು, ನಿಘಂಟು ಇಳಿಸಿದ ತನ್ನ ಮೇಲೂ ಇತ್ತು. ಸಿಟ್ಟನ್ನು ಹೊತ್ತು ತಿರುಗುವ ಶಕ್ತಿ ಮಾತ್ರ ಇರಲಿಲ್ಲ. ಬೆಳಗ್ಗೆ ಎದ್ದು ಅಂಗಡಿಗೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು.

ಒಂದು ಮಧ್ಯಾಹ್ನ ಅಮ್ಮ ಹಾಲು ತರಲು ಕೆಳಗಿಳಿದು ಹೋದಳು. ಹಿಂದಿರುಗಿ ಬಂದಾಗ ಒಳಗಿನಿಂದ ಸದ್ದಿಲ್ಲ. ಸದ್ದಿಲ್ಲದಿರುವುದೇ ಈಗ ವಾಡಿಕೆ. ಕಾಲು ಚಾಚಿ ಒಂದು ಗಳಿಗೆ ಕೂರೋಣವೆಂದು ಸೋಫಾಕ್ಕೆ ಒರಗಿದವಳಿಗೆ ಹಾಗೇ ನಿದ್ದೆ ಹತ್ತಿತು. ಬಿಸಿಲು ಗೋಡೆಯಿಂದ ಇಳಿದುಹೋಗುವವರೆಗೆ ಸತ್ತವಳ ಹಾಗೆ ಮಲಗಿದಳು. ಎಚ್ಚರವಾದಾಗ ಗಾಬರಿಯಿಂದ ಎದ್ದು ಪರದೆ ಸರಿಸಿದಳು. ಮಂಚ ಖಾಲಿಯಾಗಿತ್ತು.

ಅಪ್ಪ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿದ್ದಿದ್ದರು. ಬಲಗೈ ಮೈಯಡಿ ಮಡಚಿಕೊಂಡಿತ್ತು. ಕೆನ್ನೆ ತರಚಿತ್ತು. ಬಟ್ಟೆ ಒದ್ದೆಯಾಗಿ ಆರಿಯೂ ಹೋಗಿತ್ತು. ಕಣ್ಣು ತೆರೆದೇ ಇತ್ತು. ಎಡಗೈ ಬಾಯಿಯ ಮೇಲಿತ್ತು. ನಡುಮನೆಯ ಸೋಫಾ ಅಲ್ಲಿಂದ ಒಂದು ಕೂಗಿನ ದೂರವೂ ಇರಲಿಲ್ಲ. ಒಂದು ಮಾತು ಅಂದಿದ್ದರೆ ಸಾಕಿತ್ತು.

ಅಮ್ಮ ಕಿಟಕಿಯಿಂದ ಕೂಗಿದಳು. ಲಾಂಡ್ರಿಯವರು ಇಬ್ಬರು ಇಸ್ತ್ರಿ ಬಿಟ್ಟು ಓಡಿಬಂದು ಮಂಚ ಸರಿಸಿ ಅಪ್ಪನನ್ನು ಎತ್ತಿ ಮಲಗಿಸಿದರು. ಅವರೇ ವೈದ್ಯರನ್ನೂ ಕರೆತಂದರು. ಮೂಳೆ ಮುರಿದಿರಲಿಲ್ಲ, ಮೊಣಕೈ ಊದಿತ್ತು. ಸುದ್ದಿ ಹೋಗಿ ಮಗಳು ಅಂಗಡಿಯಿಂದ ಬರುವ ಹೊತ್ತಿಗೆ ಅಮ್ಮ ಬಿಸಿನೀರಿನಿಂದ ಅವರ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಮಗಳು ಪರದೆಯ ಬಳಿಯೇ ನಿಂತಳು.

"ಕೂಗೋಕೇನಾಗಿತ್ತು ನಿಮಗೆ?" ಅಮ್ಮನ ದನಿ ಗದರಿಕೆಯದಾಗಿತ್ತು. "ಸಾಯಬೇಕು ಅಂತಿದ್ರಾ? ಇಲ್ಲೇ ಬಿದ್ದುಕೊಂಡಿದ್ದೆನಲ್ಲ ನಾನು, ಕೈಯಳತೆಯಲ್ಲಿ. ಕೂಗಬಾರದಿತ್ತಾ?"

ಅಪ್ಪ ಅವಳನ್ನು ನೋಡಿದರು. ಎಡಗೈ ಮೆಲ್ಲಗೆ ಬಾಯಿಯ ಮೇಲೆ ಹೋಯಿತು. ತಲೆ ಅಡ್ಡಕ್ಕೆ ಆಡಿತು.

ಅಮ್ಮ ಆ ಕೈಯನ್ನು ಹಿಡಿದು ಕೆಳಗೆಳೆದಳು. ಅದು ಮತ್ತೆ ಮೇಲೆ ಹೋಯಿತು. ಅವಳು ಮತ್ತೆ ಎಳೆದಳು, ಈ ಸಲ ಬಿಡದೆ ಹಿಡಿದುಕೊಂಡಳು.

"ಕೇಳಿ ಇಲ್ಲಿ. ನನಗೆ ನೋವಾಗಿದ್ದು ನಿಜ. ಆಗಿಲ್ಲ ಅಂತ ಈಗ ಹೇಳಲ್ಲ. ಆದರೆ ನೀವು ಬಾಯಿ ಮುಚ್ಚಿಕೊಂಡಿದ್ದರಿಂದ ನನ್ನ ಕೆಲಸ ವಾಪಸ್ ಬಂತಾ? ಗಳಿಗೆಗೊಂದು ಸಲ ಬಂದು ಇಣುಕಿ ನೋಡಿ ನೋಡಿ ನನ್ನ ಮಂಡಿ ಬಿದ್ದುಹೋಗಿದೆ. ಹೊಸ ಮಾತು ಎಲ್ಲಿಂದ ತರ್ತೀರ ಈಗ? ಇರೋದು ಅದೊಂದೇ. ಅದನ್ನೇ ಅನ್ನಿ. ನಾನೇ ಹೇಳ್ತಿದೀನಿ, ಅನ್ನಿ."

ಅಪ್ಪ ತುಟಿ ಜೋಡಿಸಿದರು. ಮಾತು ಬರಲಿಲ್ಲ. ಇಷ್ಟು ದಿನ ತಡೆದು ತಡೆದು, ಈಗ ಬೇಕೆಂದರೂ ಬಾರದಾಗಿತ್ತೋ ಏನೋ. ಅಮ್ಮ ಕಾದಳು. ಕೆಳಗೆ ಯಂತ್ರಗಳು ಒಂದೊಂದಾಗಿ ನಿಂತವು, ಅಂಗಡಿ ಮುಚ್ಚುವ ಹೊತ್ತು. ಕೊನೆಗೆ ಬಂತು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

"ಪಾದರ್."

"ನೀರಾ?" ಎಂದು ಮಗಳು ಪರದೆಯ ಬಳಿಯಿಂದಲೇ ಕೇಳಿದಳು.

"ಸುಮ್ಮನಿರೇ" ಎಂದಳು ಅಮ್ಮ.

ಅಪ್ಪ ಇನ್ನೊಮ್ಮೆ ಅಂದರು. ಅದು ನೀರಿನದಲ್ಲ, ಕಿಟಕಿಯದಲ್ಲ, ಬಚ್ಚಲಿನದಲ್ಲ ಎಂಬುದು ಈ ಸಲ ಮಗಳಿಗೂ ಗೊತ್ತಾಯಿತು. ಅಮ್ಮ ತಲೆ ಬಗ್ಗಿಸಿ ಕೇಳಿದಳು, ಕೊನೆಯ ಅಕ್ಷರ ಆರಿಹೋಗುವವರೆಗೆ.

"ಆಯ್ತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ತಡವಾಯ್ತು, ಆದರೂ ಆಯ್ತು" ಎಂದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಅನ್ನಕ್ಕೆ ಇಡಲು ಹೋದಳು.

ಮಗಳು ಅಡುಗೆಮನೆಗೆ ಹಿಂಬಾಲಿಸಿ ಹೋಗಿ, "ಏನಂದರು?" ಎಂದು ಕೇಳಿದಳು.

"ನನಗೆ ಅಂದಿದ್ದು ಅದು. ನಿನಗೆ ಯಾಕೆ?"

ಮರುದಿನದಿಂದ ಮನೆಯಲ್ಲಿ ಮತ್ತೆ ಕೂಗು ಶುರುವಾಯಿತು. ಮೊದಲಿನಷ್ಟು ಅಲ್ಲ. ಅಪ್ಪ ಕರೆಯುವ ಮುಂಚೆ ಒಂದಿಷ್ಟು ಯೋಚಿಸುವ ಹಾಗೆ ಕಾಣುತ್ತಿತ್ತು. ಚಿತ್ರದ ಹಲಗೆಯನ್ನೂ ಎದೆಯ ಮೇಲೆ ಇಡಿಸಿಕೊಂಡು, ಬೆರಳಿನಿಂದ ಲೋಟವನ್ನೋ ಕಿಟಕಿಯನ್ನೋ ಮುಟ್ಟಿ ತೋರಿಸುವುದನ್ನು ಕಲಿತರು. ಅದರಿಂದ ಒಂದು ಅನುಕೂಲವಾಯಿತು. ಅಪ್ಪನಿಗೆ ಏನು ಬೇಕೆಂದು ಈಗ ಮಗಳಿಗೂ ತಿಳಿಯುತ್ತಿತ್ತು, ಮತ್ತೆ ಕರೆಸಿಕೊಂಡ ಆಯಾಳಿಗೂ ತಿಳಿಯುತ್ತಿತ್ತು. ಅಮ್ಮ ಇರಲೇಬೇಕು ಅನ್ನುವಂತಿರಲಿಲ್ಲ.

ಅಮ್ಮ ಮಧ್ಯಾಹ್ನ ಹೊರಗೆ ಹೋಗತೊಡಗಿದಳು. ಊಟ ಮುಗಿದ ಮೇಲೆ ಚಪ್ಪಲಿ ಮೆಟ್ಟಿ, ಪರದೆ ಸರಿಸಿ, "ಹೋಗಿ ಬರ್ತೀನಿ" ಎಂದು ಅಪ್ಪನಿಗೆ ಹೇಳಿ ಮೆಟ್ಟಿಲಿಳಿಯುವಳು. ಅಪ್ಪ ತಲೆಯಾಡಿಸುವರು. ಹಳೆಯ ಗೆಳತಿಯರನ್ನು ಹುಡುಕಿಕೊಂಡು ಹೋಗುತ್ತಾಳೇನೋ, ಎಲ್ಲಾದರೂ ಏನಾದರೂ ಕಲಿಯಲು ಸೇರಿದಳೇನೋ ಎಂದು ಮಗಳು ಊಹಿಸುತ್ತಿದ್ದಳು. ಒಂದು ದಿನ ಅಂಗಡಿ ಬೇಗ ಮುಚ್ಚಿದ್ದರಿಂದ ಅವಳು ಮನೆಯ ಕಡೆ ಬರುವಾಗ, ಉದ್ಯಾನದ ಬೇಲಿಯ ಪಕ್ಕದ ಬೆಂಚಿನ ಮೇಲೆ ಅಮ್ಮ ಕೂತಿರುವುದು ಕಂಡಿತು. ಕೈಚೀಲ ತೊಡೆಯ ಮೇಲಿತ್ತು. ಯಾರ ಜೊತೆಗೂ ಇರಲಿಲ್ಲ, ಏನನ್ನೂ ನೋಡುತ್ತಿರಲಿಲ್ಲ.

ಮಗಳು ಹೋಗಿ ಪಕ್ಕದಲ್ಲಿ ಕೂತಳು. ಇಡೀ ದಿನ ನಿಂತ ಕಾಲು ಜೋಮು ಹಿಡಿದಿತ್ತು.

"ದಿನಾ ಇಲ್ಲಿಗೇ ಬರ್ತೀಯಾ?"

"ಹೂಂ."

"ಏನು ಮಾಡ್ತೀಯ?"

"ಏನೂ ಇಲ್ಲ" ಎಂದಳು ಅಮ್ಮ. "ಸುಮ್ಮನೆ ಕೂತಿರ್ತೀನಿ. ನೀನೂ ಕೂತ್ಕೋ. ಇನ್ನೂ ಸ್ವಲ್ಪ ಹೊತ್ತು ಆಯಾ ಇರ್ತಾಳೆ."